ನಿಮಗಿದು ಗೊತ್ತೇ? ಇದೇ ಹುಳು ಬೇಕೆಂದು ಹಟ ಹಿಡಿಯುವ ಮೀನು!

ಹೊಳೆಯ ಮೇಲೆ ಸಾವಿರಾರು ಹುಳುಗಳು ತೇಲಿ ಬರುತ್ತಿವೆ. ಕೆಳಗೊಂದು ಮೀನು ಒಂದೇ ಸಮನೆ ತಿನ್ನುತ್ತಿದೆ. ನೀವು ಅದರ ಮೂತಿಯ ಮುಂದೆಯೇ ಇನ್ನೂ ದಪ್ಪನೆಯ, ಇನ್ನೂ ಚೆಂದದ ಹುಳುವೊಂದನ್ನು ತೇಲಿಬಿಡುತ್ತೀರಿ. ಊಹೂಂ, ತಿರುಗಿಯೂ ನೋಡುವುದಿಲ್ಲ! ಅದರ ಪಕ್ಕದಲ್ಲೇ ಬಂದ ಅಕ್ಕಿಕಾಳಿನಷ್ಟು ಹುಳುವನ್ನು ಗುಳುಂ ಮಾಡಿ ಮತ್ತೆ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಈ ಹಟಮಾರಿಯ ಹೆಸರು ಟ್ರೌಟ್. ತಣ್ಣೀರಿನ ಹೊಳೆಗಳ ಮೀನು.

ಇದನ್ನು ಏಮಾರಿಸಲು ಮನುಷ್ಯ ಏನು ಮಾಡುತ್ತಾನೆ ಗೊತ್ತೇ? ಕೊಕ್ಕೆಗೆ ಗರಿ, ತುಪ್ಪಳ, ನೂಲು ಸುತ್ತಿ ಸುಳ್ಳು ಹುಳು ಕಟ್ಟುತ್ತಾನೆ! ಎರೆಹುಳು ಬೇಡ, ಹಿಟ್ಟಿನ ಉಂಡೆಯೂ ಬೇಡ. ಈ ಬಗೆಯ ಗಾಳಕ್ಕೆ ಫ್ಲೈ ಫಿಶಿಂಗ್ ಎಂದು ಹೆಸರು. ಈ ಆಟಕ್ಕೆ ಸುಮಾರು 1800 ವರ್ಷ ವಯಸ್ಸು!

ಮೊದಲು ಹುಳುವಿನ ಕಥೆ ಕೇಳಿ. ಟ್ರೌಟ್ ಪ್ರಾಣ ಬಿಡುವುದು ಮೇಫ್ಲೈ ಎಂಬ ಹುಳುವಿಗೆ. ಇದು ನೀರಿನಡಿಯಲ್ಲಿ ಮರಿಯಾಗಿ ಒಂದು ವರ್ಷ, ಕೆಲವು ಜಾತಿಗಳಲ್ಲಿ ಎರಡು ಮೂರು ವರ್ಷ ಕಳೆಯುತ್ತದೆ. ರೆಕ್ಕೆ ಬಂದ ಮೇಲೆ? ಒಂದೋ ಎರಡೋ ದಿನ, ಅಷ್ಟೇ. ವಿಜ್ಞಾನಿಗಳು ಈ ಗುಂಪನ್ನು ಎಫೆಮೆರಾಪ್ಟೆರಾ ಎನ್ನುತ್ತಾರೆ. ಗ್ರೀಕ್ ಭಾಷೆಯಿಂದ ಬಂದ ಈ ಹೆಸರಿನಲ್ಲಿ ಎರಡೇ ಮಾತುಗಳಿವೆ. ಒಂದು ದಿನದ ಬಾಳು, ರೆಕ್ಕೆ!

ಒಂದು ದಿನ ಎಂದರೂ ಅದು ಧಾರಾಳವೇ! ಅಮೆರಿಕದ ಡೊಲಾನಿಯಾ ಎಂಬ ಮೇಫ್ಲೈ ಜಾತಿಯಲ್ಲಿ ಹೆಣ್ಣುಹುಳು ಪೂರ್ತಿ ಬೆಳೆದ ಮೇಲೆ ಬದುಕುವುದು 5 ನಿಮಿಷಕ್ಕೂ ಕಡಿಮೆ. ಅಷ್ಟರೊಳಗೆ ಗಂಡು ಸಿಗಬೇಕು, ಕೂಡಬೇಕು, ಮೊಟ್ಟೆ ಇಡಬೇಕು. ಒಲೆಯ ಮೇಲಿಟ್ಟ ಹಾಲು ಉಕ್ಕುವ ಮೊದಲೇ ಒಂದು ಸಂಸಾರ ಮುಗಿಯಿತು!

ಬೆಳೆದ ಮೇಫ್ಲೈ ಏನು ತಿನ್ನುತ್ತದೆ? ಏನೂ ಇಲ್ಲ! ತಿನ್ನಲು ಕೆಲಸಕ್ಕೆ ಬರುವ ಬಾಯಿಯೇ ಅದಕ್ಕಿಲ್ಲ. ಹೊಟ್ಟೆಯ ತುಂಬ ಬರೀ ಗಾಳಿ. ಹಾರಲು ಹಗುರವಾಗಲಿ ಎಂದು ಊಟದ ಕೋಣೆಯನ್ನೇ ಬಲೂನು ಮಾಡಿಕೊಂಡ ಹಾಗೆ.

ಬೇರೆಲ್ಲ ಹುಳುಗಳು ರೆಕ್ಕೆ ಬಂದ ಮೇಲೆ ಮತ್ತೆ ಪೊರೆ ಕಳಚುವುದಿಲ್ಲ. ಮೇಫ್ಲೈ ಮಾತ್ರ ಕಳಚುತ್ತದೆ! ನೀರಿನಿಂದ ಮೇಲೆದ್ದಾಗ ಮಬ್ಬು ರೆಕ್ಕೆ. ದಂಡೆಯ ಎಲೆಯ ಮೇಲೆ ಕೂತು ಮೈಯ ಪೊರೆಯ ಜೊತೆಗೆ ರೆಕ್ಕೆಯ ಪೊರೆಯನ್ನೂ ಬಿಚ್ಚುತ್ತದೆ. ಆಗ ಗಾಜಿನಂಥ ಹೊಸ ರೆಕ್ಕೆ. ಹಾರುವ ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಹುಳು ಈಗ ಭೂಮಿಯ ಮೇಲೆ ಇದೊಂದೇ!

ಕೆಲವು ಜಾತಿಗಳಲ್ಲಿ ಗಂಡಿಗೆ ಎರಡು ಜೊತೆ ಕಣ್ಣು. ಪಕ್ಕದಲ್ಲಿ ಒಂದು ಜೊತೆ, ನೆತ್ತಿಯ ಮೇಲೆ ಪೇಟ ಸುತ್ತಿದಂತೆ ಇನ್ನೊಂದು ಜೊತೆ. ಪೇಟದ ಕಣ್ಣು ಯಾಕೆ? ಮೇಲೆ ಹಾರುವ ಹೆಣ್ಣನ್ನು ಹುಡುಕಲು!

ಮೊದಲ ಮಳೆ ಬಿದ್ದ ಸಂಜೆ ನಮ್ಮ ಬೀದಿದೀಪಗಳಿಗೆ ಮಳೆಹುಳು ಮುತ್ತುವುದನ್ನು ನೀವು ನೋಡಿದ್ದೀರಿ. ಬೆಳಗ್ಗೆ ಎದ್ದರೆ ಜಗಲಿಯ ತುಂಬ ಬರೀ ರೆಕ್ಕೆ. ಮೇಫ್ಲೈಗಳೂ ಹಾಗೆಯೇ, ಒಂದು ಜಾತಿಯವೆಲ್ಲ ಮಾತಾಡಿಕೊಂಡಂತೆ ಒಟ್ಟಿಗೇ ಮೇಲೇಳುತ್ತವೆ. ಗಾಳ ಹಾಕುವವರು ಇದನ್ನು ಹ್ಯಾಚ್ ಎನ್ನುತ್ತಾರೆ. ಮೊಟ್ಟೆ ಒಡೆಯುವುದಕ್ಕೂ ಅದೇ ಮಾತು. ಆದರೆ ಇಲ್ಲಿ ಒಂದು ಮೊಟ್ಟೆಯೂ ಒಡೆಯುವುದಿಲ್ಲ!

ಹಂಗೇರಿಯ ಟಿಸ್ಸಾ ನದಿಯಲ್ಲಿ ಜೂನ್ ತಿಂಗಳ ಸಂಜೆಗಳನ್ನು ನೋಡಬೇಕು. ಮೂರು ವರ್ಷ ದಂಡೆಯ ಜೇಡಿಮಣ್ಣಿನ ಬಿಲದಲ್ಲಿದ್ದ ಮೇಫ್ಲೈಗಳು ಒಮ್ಮೆಗೇ ಮೇಲೆದ್ದು ನೀರನ್ನೇ ಮುಚ್ಚಿಬಿಡುತ್ತವೆ. ಬಾಲ ಸೇರಿ ಒಂದೊಂದೂ ಸುಮಾರು 12 ಸೆಂಟಿಮೀಟರ್ ಉದ್ದ. ಅಲ್ಲಿಯ ಜನ ಇದನ್ನು ಟಿಸ್ಸಾ ಹೂ ಬಿಟ್ಟಿತು ಎನ್ನುತ್ತಾರೆ. ಹುಳುವಿಗೆ ಹೂವಿನ ಹೆಸರು! ನನಗೆ ಬಲು ಇಷ್ಟವಾದ ಹೆಸರಿದು.

ಇನ್ನೂ ಬೆರಗು ಬೇಕೇ? 2014ರ ಜುಲೈ 20ರ ರಾತ್ರಿ ಅಮೆರಿಕದ ಲಾ ಕ್ರಾಸ್ ಊರಿನ ಹವಾಮಾನ ಕಚೇರಿಯ ರಾಡಾರ್ ಪರದೆಯಲ್ಲಿ ಮಳೆಯಂಥ ಗುರುತು ಮೂಡಿತು. ಮಳೆ ಎಲ್ಲಿ? ಮಿಸಿಸಿಪ್ಪಿ ನದಿಯಿಂದ ಎದ್ದ ಮೇಫ್ಲೈಗಳ ಮೋಡ ಅದು! ಆ ಸೀಮೆಯಲ್ಲಿ ಸೇತುವೆಗಳ ಮೇಲೆ ಸತ್ತ ಹುಳು ರಾಶಿ ಬಿದ್ದು ರಸ್ತೆ ಜಾರುವುದುಂಟು. ಹಿಮ ಗೋರುವ ಗಾಡಿ ತಂದು ಹುಳು ಗೋರುತ್ತಾರೆ, ಅದೂ ನಡುಬೇಸಿಗೆಯಲ್ಲಿ!

ಮೇಫ್ಲೈಗಳು ಡಾಂಬರು ರಸ್ತೆಯ ಮೇಲೂ ಮೊಟ್ಟೆ ಇಡುತ್ತವೆ. ಪಾಪ, ಮೋಸ ಹೋಗಿ! ನೀರಿನ ಮೇಲೆ ಬಿದ್ದ ಬೆಳಕು ಒಂದು ವಿಶೇಷ ಬಗೆಯಲ್ಲಿ ಪ್ರತಿಫಲಿಸುತ್ತದೆ. ಅದನ್ನು ನೋಡಿಯೇ ಅವು ಹೊಳೆ ಗುರುತಿಸುವುದು. ಕಪ್ಪು ಡಾಂಬರೂ ಬೆಳಕನ್ನು ಅದೇ ಬಗೆಯಲ್ಲಿ ಪ್ರತಿಫಲಿಸುತ್ತದೆ. ಹಂಗೇರಿಯ ವಿಜ್ಞಾನಿಗಳು 1998ರಲ್ಲಿ ಈ ಗುಟ್ಟು ಹೊರಹಾಕಿದರು.

ಈಗ ಮೀನಿನ ಸರದಿ.

ಹ್ಯಾಚ್ ಶುರುವಾದರೆ ಟ್ರೌಟ್‌ಗೆ ಹಬ್ಬ. ಹಬ್ಬದೂಟದಲ್ಲಿ ಸಿಕ್ಕಿದ್ದೆಲ್ಲ ತಿನ್ನುವುದು ನಮ್ಮ ಪದ್ಧತಿ. ಟ್ರೌಟ್‌ನದು ಬೇರೆ! ಹೆಚ್ಚು ತೇಲಿ ಬರುವ ಒಂದೇ ಹುಳುವನ್ನು ಗುರುತು ಹಿಡಿಯುತ್ತದೆ. ಅದೇ ಗಾತ್ರ, ಅದೇ ಆಕಾರ, ಅದೇ ಬಣ್ಣ. ಉಳಿದದ್ದು ಅದರ ಪಾಲಿಗೆ ಕಸ, ಕಡ್ಡಿ. ಒಂದೊಂದನ್ನೂ ಪರೀಕ್ಷಿಸುತ್ತ ಕೂತರೆ ಹೊಟ್ಟೆ ತುಂಬುವುದು ಯಾವಾಗ?

ಅಷ್ಟೇ ಸಾಲದು. ಒಂದೇ ಹುಳುವಿನಲ್ಲೂ ಇಂಥದೇ ಹಂತ ಬೇಕು! ಕೆಲವು ಟ್ರೌಟ್‌ಗಳು ನೀರಿನ ಮೇಲೆ ರೆಕ್ಕೆ ಬಿಚ್ಚಿ ಕೂತ ಹುಳುವನ್ನು ಬಿಟ್ಟುಬಿಡುತ್ತವೆ. ಪೊರೆಯಿಂದ ಅರ್ಧ ಹೊರಬಂದು ಸಿಕ್ಕಿಕೊಂಡ ಹುಳುವನ್ನೇ ಹುಡುಕಿ ತಿನ್ನುತ್ತವೆ. ಕಾರಣ ಸುಲಭ. ರೆಕ್ಕೆ ಒಣಗಿದ ಹುಳು ಹಾರಿಹೋದೀತು. ಸಿಕ್ಕಿಕೊಂಡದ್ದು ಎಲ್ಲಿಗೆ ಹೋಗುತ್ತದೆ!

ಒಂದೇ ಹೊತ್ತಿಗೆ ಎರಡು ಜಾತಿಯ ಹುಳು ಎದ್ದರೆ ಗಾಳದವರಿಗೆ ಪೇಚಾಟ. ದೊಡ್ಡ ಹುಳು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ನಡುವೆ ಸೊಳ್ಳೆಗಿಂತ ಸಣ್ಣದೊಂದು ಸದ್ದಿಲ್ಲದೆ ತೇಲುತ್ತಿರುತ್ತದೆ. ಮೀನು ತಿನ್ನುತ್ತಿರುವುದು ಆ ಸಣ್ಣದನ್ನು! ದಂಡೆಯಲ್ಲಿರುವವರು ದೊಡ್ಡದನ್ನು ಕಟ್ಟಿ ಎಸೆದು ಎಸೆದು ಸುಸ್ತು.

ಇಂಥದೇ ಒಂದು ಒಗಟು ಅಮೆರಿಕದ ಪೆನ್ಸಿಲ್ವೇನಿಯಾದ ಲೆಟಾರ್ಟ್ ಎಂಬ ಪುಟ್ಟ ಹೊಳೆಯಲ್ಲಿತ್ತು. ಟ್ರೌಟ್‌ಗಳು ಏನನ್ನೋ ತಿನ್ನುತ್ತಿವೆ, ನೀರಿನ ಮೇಲೆ ಏನೂ ಕಾಣದು! ವಿನ್ಸೆಂಟ್ ಮರಿನಾರೋ ಎಂಬಾತ ದಂಡೆಯಲ್ಲಿ ಬೋರಲು ಮಲಗಿ, ಮುಖವನ್ನು ನೀರಿಗೆ ತಾಗುವಷ್ಟು ಬಗ್ಗಿಸಿ ನೋಡಿದ. ಕಂಡದ್ದೇನು? ಹುಲ್ಲಿನಿಂದ ಉದುರಿದ ಜಿಗಿಹುಳು, ಇರುವೆ, ಪುಟಾಣಿ ಜೀರುಂಡೆ! ನಮ್ಮ ರೈತರು ಹತ್ತಿ ಗಿಡದ ಎಲೆ ತಿರುಗಿಸಿ ಹುಡುಕುತ್ತಾರಲ್ಲ, ಆ ಜಿಗಿಹುಳುವಿನ ಬಳಗವೇ. ಮರಿನಾರೋ ಇದನ್ನೆಲ್ಲ ಬರೆದ ಪುಸ್ತಕ 1950ರಲ್ಲಿ ಬಂತು.

ಇಲ್ಲೇ ಒಂದು ಸ್ವಾರಸ್ಯ. ಆ ಜಿಗಿಹುಳುವಿನ ನಕಲು ಕಟ್ಟಲು ಮರಿನಾರೋ ಹುಡುಕಿದ ಗರಿ ಯಾವುದು ಗೊತ್ತೇ? ಬೂದು ಕಾಡುಕೋಳಿಯದು! ಹೌದು, ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳಗಿನ ಜಾವ ಕೂಗುವ ಅದೇ ನಮ್ಮ ಕಾಡುಹುಂಜ. ಅದರ ಕುತ್ತಿಗೆಯ ಗರಿಗಳ ಮೇಲೆ ಅರಗು ತೊಟ್ಟಿಕ್ಕಿದಂತೆ ಹೊಳೆಯುವ ಹಳದಿ ಚುಕ್ಕೆಗಳಿವೆ. ಆ ಗರಿಯನ್ನು ಕೊಕ್ಕೆಯ ಮೇಲೆ ಚಪ್ಪಟೆಯಾಗಿ ಮಲಗಿಸಿದರೆ ಕೆಳಗಿನಿಂದ ನೋಡುವ ಮೀನಿಗೆ ಥೇಟ್ ಜಿಗಿಹುಳು! ನಮ್ಮ ಕಾಡುಕೋಳಿಗೆ ಈಗ ಕಾನೂನಿನ ರಕ್ಷಣೆ ಇದೆ. ಇರಲೇಬೇಕು. ಗರಿಗಾಗಿ ಸತ್ತ ಹಕ್ಕಿಗಳು ಸಾಕು.

ಮೀನಿಗೆ ಮೇಲಿನ ಲೋಕ ಹೇಗೆ ಕಾಣುತ್ತದೆ ಎಂದು ಯೋಚಿಸಿದ್ದೀರಾ? ದುಂಡನೆಯ ಕಿಂಡಿಯಲ್ಲಿ ಇಣುಕಿದ ಹಾಗೆ! ಬೆಳಕು ನೀರಿಗಿಳಿಯುವಾಗ ಬಾಗುತ್ತದೆ. ಹಾಗಾಗಿ ಮೇಲಿನ ಆಕಾಶ, ಮರ, ದಂಡೆ ಎಲ್ಲವೂ ಸುಮಾರು 97 ಡಿಗ್ರಿಯ ಒಂದು ಕೋನದೊಳಗೆ ಮುದುಡಿಕೊಳ್ಳುತ್ತವೆ. ಕಿಂಡಿಯ ಆಚೆ ನೀರಿನ ಮೇಲ್ಮೈ ಕನ್ನಡಿ. ಅದರಲ್ಲಿ ಹೊಳೆಯ ತಳವೇ ಕಾಣುತ್ತದೆ!

ಈ ಕಿಂಡಿ ಮೀನಿನ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಮೀಟರ್ ಆಳದಲ್ಲಿ ನಿಂತರೆ ಕಿಂಡಿಯ ಅಗಲ ಸುಮಾರು 2.27 ಮೀಟರ್. ಗೇಣುದ್ದ ಆಳದಲ್ಲಿ ನಿಂತರೆ ಒಂದು ಮೊಳಕ್ಕಿಂತ ತುಸು ಹೆಚ್ಚು, ಅಷ್ಟೇ. ಹ್ಯಾಚ್ ಹೊತ್ತಿನಲ್ಲಿ ಟ್ರೌಟ್ ಮೇಲ್ಮೈಗೆ ತೀರ ಹತ್ತಿರ ಬಂದು ನಿಲ್ಲುತ್ತದೆ. ಆಗ ಅದು ನೋಡುವುದು ತಟ್ಟೆಯಗಲದ ಆಕಾಶ! ನಿಮ್ಮ ಸುಳ್ಳು ಹುಳು ಆ ತಟ್ಟೆಯ ಮೇಲೆ ಬೀಳಬೇಕು. ಒಂದಡಿ ಆಚೆ ಬಿದ್ದರೂ ಇಲ್ಲ.

ಹುಳು ಕಿಂಡಿಗೆ ಬರುವ ಮೊದಲೇ ಮೀನಿಗೆ ಸುದ್ದಿ ಮುಟ್ಟುತ್ತದೆ. ಹುಳುವಿನ ಆರು ಕಾಲುಗಳು ನೀರನ್ನು ಒತ್ತಿದಲ್ಲಿ ಸಣ್ಣ ಗುಳಿ ಬೀಳುತ್ತದೆ. ಕೆಳಗಿನ ಕನ್ನಡಿಯಲ್ಲಿ ಅವು ಬೆಳಕಿನ ಚುಕ್ಕೆಗಳಾಗಿ ಮಿನುಗುತ್ತವೆ. ಚುಕ್ಕೆಗಳು ಹತ್ತಿರ ಬರುತ್ತವೆ. ಆಮೇಲೆ ಕಿಂಡಿಯ ಅಂಚಿನಲ್ಲಿ ರೆಕ್ಕೆಯ ತುದಿ ಮಾತ್ರ ಮೂಡುತ್ತದೆ, ಮೈ ಇಲ್ಲದ ರೆಕ್ಕೆ, ಗಾಳಿಯಲ್ಲಿ ತೇಲಿದಂತೆ! ಕ್ಷಣ ಕಳೆದ ಮೇಲೆ ರೆಕ್ಕೆಯೂ ಮೈಯೂ ಕೂಡಿಕೊಂಡು ಪೂರ್ತಿ ಹುಳು. ಚುಕ್ಕೆ, ರೆಕ್ಕೆ, ಮೈ. ಸುಳ್ಳು ಹುಳು ಈ ಮೂರು ಪರೀಕ್ಷೆಯಲ್ಲೂ ಪಾಸಾಗಬೇಕು!

ಅನುಮಾನ ಬಂದ ಟ್ರೌಟ್ ಏನು ಮಾಡುತ್ತದೆ ನೋಡಿ. ತೇಲಿ ಬಂದ ಹುಳುವಿನ ಕೆಳಗೇ ಹಿಮ್ಮುಖವಾಗಿ ಜಾರುತ್ತದೆ. ಮೂತಿ ಮೇಲೆ, ಬಾಲ ಕೆಳಗೆ. ಹುಳು ಒಂದಡಿ ಸರಿದರೆ ಅದೂ ಒಂದಡಿ ಸರಿಯುತ್ತದೆ. ಒಮ್ಮೊಮ್ಮೆ ಪೂರ್ತಿ ತಿರುಗಿ ಹರಿವಿನ ಜೊತೆಯೇ ಬೆನ್ನು ಹತ್ತುತ್ತದೆ. ಮಾವಿನಹಣ್ಣು ಕೊಳ್ಳುವವರು ತಿರುಗಿಸಿ ತಿರುಗಿಸಿ ನೋಡುತ್ತಾರಲ್ಲ, ಹಾಗೆ! ಕೊನೆಗೆ ಒಪ್ಪಿದರೆ ಸಣ್ಣದೊಂದು ಚುಂಬನದ ಸದ್ದು. ಒಪ್ಪದಿದ್ದರೆ ಸದ್ದಿಲ್ಲದೆ ಕೆಳಗಿಳಿಯುತ್ತದೆ.

ಒಪ್ಪದಿರಲು ಬಹಳ ಸಲ ಕಾರಣ ಹುಳುವಿನ ಅಂದಚೆಂದ ಅಲ್ಲವೇ ಅಲ್ಲ, ದಾರ! ನಡುಹೊಳೆಯ ನೀರು ಬೇಗ, ದಂಡೆಯ ನೀರು ನಿಧಾನ. ದಾರ ಎರಡರ ಮೇಲೂ ಬಿದ್ದಿರುತ್ತದೆ. ಬೇಗದ ನೀರು ದಾರವನ್ನು ಎಳೆದರೆ ಹುಳುವೂ ಕೂದಲೆಳೆಯಷ್ಟು ಸರಿಯುತ್ತದೆ. ನಿಜವಾದ ಹುಳು ನೀರು ಹೋದಂತೆ ಹೋಗುತ್ತದೆ, ಎಳೆದಂತೆ ಹೋಗುವುದಿಲ್ಲ. ಆ ಕೂದಲೆಳೆಯ ವ್ಯತ್ಯಾಸವನ್ನೂ ಟ್ರೌಟ್ ಹಿಡಿಯುತ್ತದೆ!

ಎಳೆಯ ಟ್ರೌಟ್‌ಗಳಿಗೆ ನಮಗೆ ಕಾಣದ ಅತಿನೇರಳೆ ಬೆಳಕೂ ಕಾಣುತ್ತದೆ. ದೊಡ್ಡದಾಗುತ್ತ ಆ ಶಕ್ತಿ ಹೋಗಿಬಿಡುತ್ತದೆ!

ಟ್ರೌಟ್ ಬಂಡೆಯ ಸುತ್ತ ನಿಲ್ಲುವುದನ್ನೇ ಇಷ್ಟಪಡುತ್ತದೆ. ಅಡ್ಡಲಾದ ವಸ್ತುವಿನ ಹಿಂದೆ ನೀರು ಸುಳಿ ಸುಳಿಯಾಗಿ ಹರಿಯುತ್ತದೆ. ಆ ಸುಳಿಗಳಿಗೆ ಮೈ ಕೊಟ್ಟು ಬಳುಕಿದರೆ ಸಾಕು, ಈಜುವ ಶ್ರಮವೇ ಕಡಿಮೆ. ಎಷ್ಟು ಕಡಿಮೆ ಎಂದರೆ, ಅಮೆರಿಕದ ವಿಜ್ಞಾನಿಗಳು ಒಂದು ಸತ್ತ ಟ್ರೌಟನ್ನೇ ಹಾಗೆ ಸುಳಿಯಲ್ಲಿ ಬಿಟ್ಟು ನೋಡಿದರು. ಸತ್ತ ಮೀನು ಬಳುಕುತ್ತ ಹರಿವಿಗೆ ಎದುರಾಗಿ ಮುಂದೆ ಸಾಗಿತು! 2006ರಲ್ಲಿ ಪ್ರಕಟವಾದ ಪ್ರಯೋಗ ಇದು. ಮೊದಲ ಸಲ ಓದಿದಾಗ ನಾನು ಎರಡು ಸಲ ಓದಿದೆ.

ಟ್ರೌಟ್‌ಗೆ ನಮ್ಮ ಮಾತು ಕೇಳಿಸುತ್ತದೆಯೇ? 1836ರಲ್ಲಿ ಗಾಳದ ಹುಳುಗಳ ಮೇಲೆ ಪುಸ್ತಕ ಬರೆದ ಇಂಗ್ಲೆಂಡಿನ ಆಲ್ಫ್ರೆಡ್ ರೊನಾಲ್ಡ್ಸ್ ಇದಕ್ಕೊಂದು ಪರೀಕ್ಷೆ ಮಾಡಿದ. ಬ್ಲೈಥ್ ಹೊಳೆಯ ಮೇಲೆ ಗುಡಿಸಲಿನಂಥ ವೀಕ್ಷಣಾಲಯ ಕಟ್ಟಿ ಕೂತ. ಗೆಳೆಯನ ಕೈಯಲ್ಲಿ ಹತ್ತಿರದಲ್ಲೇ ಬಂದೂಕು ಹಾರಿಸಿದ. ಮೀನು ಕದಲಲಿಲ್ಲ! ಗಾಳಿಯ ಸದ್ದು ನೀರಿಗೆ ಇಳಿಯುವುದು ಬಲು ಕಡಿಮೆ. ಆದರೆ ದಂಡೆಯ ಮೇಲೆ ಧಪಧಪ ನಡೆದು ನೋಡಿ, ನೆಲದ ನಡುಕ ತಿಳಿದು ಮೀನು ಮಾಯ.

ಅದೇ ರೊನಾಲ್ಡ್ಸ್ ತಗಡಿನ ಕೊಳವೆಯಲ್ಲಿ ಸತ್ತ ನೊಣಗಳನ್ನು ಊದಿ ಟ್ರೌಟ್‌ಗೆ ತಿನ್ನಿಸಿದ. ಮೊದಲು ಬರೀ ನೊಣ. ಆಮೇಲೆ ಮೆಣಸಿನಪುಡಿ, ಸಾಸಿವೆ ಹಚ್ಚಿದ ನೊಣ! ಮೀನು ಅದನ್ನೂ ನುಂಗಿತು. ಕಣ್ಣಿಗೆ ಒಪ್ಪಿದರೆ ಸರಿ, ಖಾರ ಆಮೇಲಿನ ಮಾತು!

ಇನ್ನು ಕಟ್ಟುವವರ ಕಥೆ. ಸುಮಾರು ಕ್ರಿ.ಶ. 200ರಲ್ಲಿ ರೋಮಿನ ಈಲಿಯನ್ ಎಂಬ ಬರಹಗಾರ ಮ್ಯಾಸಿಡೋನಿಯಾದ ಒಂದು ನದಿಯ ಬಗ್ಗೆ ಬರೆದ. ಅಲ್ಲಿ ಚುಕ್ಕೆ ಮೈಯ ಮೀನುಗಳಿವೆ, ನೀರಿನ ಮೇಲಿನ ಒಂದು ಹುಳುವನ್ನು ತಿನ್ನುತ್ತವೆ. ಆ ಹುಳುವನ್ನೇ ಹಿಡಿದು ಗಾಳಕ್ಕೆ ಸಿಗಿಸಬಾರದೇ? ಆಗದು! ಮನುಷ್ಯನ ಕೈ ತಾಗಿದರೆ ಅದರ ಬಣ್ಣ ಹೋಗುತ್ತದೆ, ರೆಕ್ಕೆ ಮುದುಡುತ್ತದೆ. ಅದಕ್ಕೇ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ ಹುಂಜದ ಎರಡು ಗರಿ ಕಟ್ಟಿದರು. ಗಾಳದ ಕೋಲು ಆರು ಅಡಿ, ದಾರವೂ ಆರು ಅಡಿ!

1496ರಲ್ಲಿ ಇಂಗ್ಲೆಂಡಿನಲ್ಲಿ ಗಾಳ ಹಾಕುವ ಕಲೆಯ ಮೇಲೊಂದು ಪುಸ್ತಕ ಅಚ್ಚಾಯಿತು. ಅದರಲ್ಲಿ 12 ಸುಳ್ಳು ಹುಳುಗಳನ್ನು ಕಟ್ಟುವ ವಿಧಾನ ಇದೆ, ಯಾವ ತಿಂಗಳಿಗೆ ಯಾವುದು ಎಂಬ ಲೆಕ್ಕದೊಂದಿಗೆ! ಬರೆದದ್ದು ಜೂಲಿಯಾನಾ ಬರ್ನರ್ಸ್ ಎಂಬ ಕ್ರೈಸ್ತ ಸನ್ಯಾಸಿನಿ ಎಂದು ಬಹುಕಾಲದ ನಂಬಿಕೆ. ಅದರಲ್ಲಿ ಬಳಸಲು ಹೇಳಿದ ವಸ್ತುಗಳಲ್ಲಿ ನವಿಲುಗರಿಯ ಎಳೆಯೂ ಒಂದು. ನವಿಲಿನ ತವರು ಯಾವುದು? ನಮ್ಮದೇ ನೆಲ! ಇಂದಿಗೂ ಫ್ಲೈ, ಅಂದರೆ ಸುಳ್ಳು ಹುಳು, ಕಟ್ಟುವವರ ಮೇಜಿನ ಮೇಲೆ ನವಿಲುಗರಿ ಇದ್ದೇ ಇರುತ್ತದೆ.

ಐಸಾಕ್ ವಾಲ್ಟನ್ 1653ರಲ್ಲಿ ಬರೆದ ಗಾಳದ ಪುಸ್ತಕ ಜಗತ್ಪ್ರಸಿದ್ಧ. ಆದರೆ ಅದರ ಫ್ಲೈ ಫಿಶಿಂಗ್ ಭಾಗ ಬರೆದದ್ದು ಅವನಿಗಿಂತ 37 ವರ್ಷ ಕಿರಿಯ ಗೆಳೆಯ ಚಾರ್ಲ್ಸ್ ಕಾಟನ್! ಅದು ಸೇರಿದ್ದು 1676ರಲ್ಲಿ. ಕಾಟನ್ ಡವ್ ನದಿಯ ದಂಡೆಯಲ್ಲಿ ಒಂದು ಪುಟ್ಟ ಕಲ್ಲಿನ ಮನೆ ಕಟ್ಟಿಸಿ, ಬಾಗಿಲ ಮೇಲೆ ತಮ್ಮಿಬ್ಬರ ಹೆಸರಿನ ಅಕ್ಷರಗಳನ್ನು ಹೆಣೆದು ಕೆತ್ತಿಸಿದ. ಗೆಳೆತನ ಎಂದರೆ ಇದು.

ಸುಳ್ಳು ಹುಳು ತೇಲಬೇಕೋ ಮುಳುಗಬೇಕೋ? ಇದಕ್ಕೇ ಇಂಗ್ಲೆಂಡಿನಲ್ಲಿ ದಶಕಗಟ್ಟಲೆ ಜಗಳ! ಫ್ರೆಡರಿಕ್ ಹಾಲ್ಫರ್ಡ್ 1886ರಲ್ಲಿ ತೇಲುವ ಹುಳುಗಳ ಮೇಲೆ ಪುಸ್ತಕ ಬರೆದ. ತೇಲುವುದೇ ಸರಿ ಎಂಬುದು ಅವನ ಹಿಂಬಾಲಕರ ವ್ರತ. ಜಿ. ಇ. ಎಂ. ಸ್ಕೂಸ್ ಎಂಬ ವಕೀಲ 1910ರಲ್ಲಿ ಬೇರೆಯೇ ವಾದ ಹೂಡಿದ. ಟ್ರೌಟ್ ಹೆಚ್ಚು ತಿನ್ನುವುದು ನೀರಿನೊಳಗಿನ ಮರಿಹುಳು, ಅದನ್ನೂ ಕಟ್ಟೋಣ ಎಂದ. 1938ರಲ್ಲಿ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ಇದರ ಮೇಲೆ ಚರ್ಚೆಯೇ ನಡೆಯಿತು. ನನ್ನ ಓಟು ಸ್ಕೂಸನಿಗೆ. ಮೀನು ಏನು ತಿನ್ನುತ್ತದೋ ಅದನ್ನು ನೋಡಿ ಮಾತಾಡಿದವನು ಅವನು.

ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಮರಿಹುಳುವಿನ ನಕಲು ಕಟ್ಟಿದ್ದು ಎರಡೇ ವಸ್ತುವಿನಿಂದ. ಫೆಸೆಂಟ್ ಹಕ್ಕಿಯ ಬಾಲದ ಗರಿ, ಕೆಂಪು ತಾಮ್ರದ ತಂತಿ. ನೂಲೇ ಇಲ್ಲ! ಕಾಲುಗಳನ್ನೂ ಕಟ್ಟಲಿಲ್ಲ. ಯಾಕೆ? ಈಜುವಾಗ ಮರಿಹುಳು ಕಾಲು ಮಡಚಿಕೊಳ್ಳುತ್ತದೆ ಎಂದು ಅವನು ಕಣ್ಣಾರೆ ಕಂಡಿದ್ದ.

ಟಪ್ಸ್ ಇಂಡಿಸ್ಪೆನ್ಸಬಲ್ ಎಂಬ ಫ್ಲೈಯ ಗುಟ್ಟು ಬಹುಕಾಲ ಹೊರಬಿದ್ದಿರಲಿಲ್ಲ. ಕೊನೆಗೆ ತಿಳಿದದ್ದು, ಅದರ ಮುಖ್ಯ ವಸ್ತು ಟಗರಿನ ಬೀಜದ ಮೇಲಿನ ಉಣ್ಣೆ! ಟಪ್ ಎಂದರೆ ಟಗರು. ಹೆಸರಿಟ್ಟವನು ಅದೇ ಸ್ಕೂಸ್.

ಬಾತುಕೋಳಿ ಕೊಕ್ಕಿನಿಂದ ಬಾಲದ ಬುಡ ಒತ್ತಿ ಒತ್ತಿ ಗರಿಗೆ ಎಣ್ಣೆ ಸವರಿಕೊಳ್ಳುವುದನ್ನು ನೋಡಿದ್ದೀರಲ್ಲ? ಆ ಎಣ್ಣೆಗ್ರಂಥಿಯ ಸುತ್ತಲಿನ ಪುಟ್ಟ ಗರಿಗಳೇ ತೇಲುವ ಹುಳುವಿಗೆ ಬಲು ಒಳ್ಳೆಯ ಸಾಮಾನು. ಎಷ್ಟು ಹೊತ್ತಾದರೂ ಸುಲಭಕ್ಕೆ ಮುಳುಗದು!

ಗರಿಯ ಹುಚ್ಚು ಅತಿಯಾದರೆ? 2009ರ ಜೂನ್‌ನಲ್ಲಿ ಇಂಗ್ಲೆಂಡಿನ ಟ್ರಿಂಗ್ ಊರಿನ ಪ್ರಾಣಿಶಾಸ್ತ್ರ ಸಂಗ್ರಹಾಲಯಕ್ಕೆ ಕನ್ನ ಬಿತ್ತು. ಕಳುವಾದದ್ದು ಚಿನ್ನ ಅಲ್ಲ, ಸತ್ತ ಹಕ್ಕಿಗಳ 299 ಚರ್ಮ! ಅದರಲ್ಲಿ ಜೀವವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಕೂಡಿಟ್ಟ ಹಕ್ಕಿಗಳೂ ಇದ್ದವು. ಕದ್ದವನು ಸಂಗೀತ ಕಲಿಯುತ್ತಿದ್ದ ಯುವಕ. ಸಾಲ್ಮನ್ ಮೀನಿನ ಹಳೆಯ ಶೈಲಿಯ ಫ್ಲೈಗಳಿಗೆ ಅಪರೂಪದ ಗರಿ ಬೇಕಿತ್ತು. ಶತಮಾನದ ಜ್ಞಾನ ಗರಿ ಗರಿಯಾಗಿ ಮಾರಾಟವಾಯಿತು. ಓದಿದರೆ ಹೊಟ್ಟೆ ಉರಿಯುತ್ತದೆ.

ಮಾಮೂಲಿ ಗಾಳದಲ್ಲಿ ತೂಕದ ಗುಂಡು ದಾರವನ್ನು ದೂರಕ್ಕೆ ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ತಲೆಕೆಳಗು! ಹುಳುವಿಗೆ ತೂಕವೇ ಇಲ್ಲ, ದಾರಕ್ಕೇ ತೂಕ. ಚಾಟಿ ಬೀಸಿದಂತೆ ಬೀಸಿದರೆ ದಾರ ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಹೋಗಿ ಹುಳುವನ್ನು ನೀರಿನ ಮೇಲೆ ಹೂವಿನಂತೆ ಇಳಿಸುತ್ತದೆ.

ದಾರದ ತುದಿಯ ಎಳೆ ಎಷ್ಟು ಸಣ್ಣ ಗೊತ್ತೇ? 7ಎಕ್ಸ್ ಎಂಬ ಎಳೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಹೆಚ್ಚುಕಡಿಮೆ ನಿಮ್ಮ ತಲೆಗೂದಲು! ಈ ಎಕ್ಸ್ ಬಂದದ್ದು ರೇಷ್ಮೆಯಿಂದ. ನೈಲಾನ್ ಬರುವ ಮೊದಲು ರೇಷ್ಮೆಹುಳುವನ್ನು ವಿನೆಗರ್‌ನಲ್ಲಿ ನೆನೆಸಿ, ಅದರ ರೇಷ್ಮೆ ಗ್ರಂಥಿಯನ್ನೇ ಹೊರಗೆಳೆದು ಹಿಗ್ಗಿಸಿ ಗಾಳದ ಎಳೆ ಮಾಡುತ್ತಿದ್ದರು. ಸ್ಪೇನಿನ ಮುರ್ಸಿಯಾ ಇದಕ್ಕೆ ಹೆಸರುವಾಸಿ. ಆ ಎಳೆಯನ್ನು ಸಣ್ಣ ತೂತಿನಲ್ಲಿ ಎಷ್ಟು ಸಲ ಎಳೆದು ತೆಳ್ಳಗೆ ಮಾಡಿದರೋ ಅಷ್ಟು ಎಕ್ಸ್! ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಲ್ಲಿರುವುದೂ ಇದೇ ರೇಷ್ಮೆಹುಳುವಿನ ಬಳಗ.

ಕೊಕ್ಕೆಯ ನಂಬರು ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು! 24ನೇ ನಂಬರಿನ ಕೊಕ್ಕೆಯ ಮೇಲೆ ಕಟ್ಟಿದ ಹುಳು ಬೆರಳ ತುದಿಯಲ್ಲಿ ಎಳ್ಳಿನಂತೆ ಕೂರುತ್ತದೆ. ಅದಕ್ಕೆ ರೆಕ್ಕೆಯೂ ಉಂಟು, ಬಾಲವೂ ಉಂಟು!

ಗಾಳದವರು ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದರೆ ಹಿಗ್ಗುತ್ತಾರೆ. ತೇವದ ಗಾಳಿಯಲ್ಲಿ ಹುಳುವಿನ ರೆಕ್ಕೆ ಬೇಗ ಒಣಗದು. ಹಾರಲಾಗದೆ ನೀರಿನ ಮೇಲೆ ಹೆಚ್ಚು ಹೊತ್ತು ತೇಲುತ್ತದೆ. ಟ್ರೌಟ್‌ಗೆ ಮೃಷ್ಟಾನ್ನ!

ಇಂಗ್ಲೆಂಡಿನಲ್ಲಿ ಮೇ ಕೊನೆಯಿಂದ ಜೂನ್ ಮೊದಲವರೆಗೆ ದೊಡ್ಡ ಮೇಫ್ಲೈ ಏಳುವ ದಿನಗಳಿಗೆ ದಡ್ಡರ ಹದಿನೈದು ದಿನ ಎಂದು ಹೆಸರು. ಆಗ ಗಾಳ ಹಿಡಿಯಲು ಬಾರದವರಿಗೂ ಮೀನು ಸಿಗುತ್ತದಂತೆ!

ಕ್ಯಾಡಿಸ್ ಎಂಬ ಇನ್ನೊಂದು ಹುಳುವಿನ ಮರಿ ತನ್ನ ಬಾಯಿಯ ರೇಷ್ಮೆಯಿಂದ ಮರಳು, ಕಡ್ಡಿ ಅಂಟಿಸಿ ಮೈಗೆ ಮನೆ ಕಟ್ಟಿಕೊಳ್ಳುತ್ತದೆ. ಟ್ರೌಟ್ ಮನೆ ಸಮೇತ ನುಂಗುತ್ತದೆ! ಉಬೇರ್ ದ್ಯುಪ್ರಾ ಎಂಬ ಫ್ರೆಂಚ್ ಕಲಾವಿದ 1980ರ ದಶಕದಲ್ಲಿ ಇವುಗಳಿಗೆ ಮರಳಿನ ಬದಲು ಚಿನ್ನದ ಚೂರು, ಮುತ್ತು ಕೊಟ್ಟ. ಹುಳುಗಳು ಒಂದು ಮಾತೂ ಆಡದೆ ಚಿನ್ನದ ಮನೆ ಕಟ್ಟಿಕೊಂಡವು!

ಟ್ರೌಟ್ ಹಡಗು ಹತ್ತಿ ಭೂಮಿಯ ಆ ತುದಿಗೂ ಹೋಗಿದೆ. 1864ರಲ್ಲಿ ನಾರ್ಫೋಕ್ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ಟಾಸ್ಮೇನಿಯಾಕ್ಕೆ ಟ್ರೌಟ್ ಮೊಟ್ಟೆ ಕಳಿಸಿದರು. ಮರದ ಪೆಟ್ಟಿಗೆ, ಹಸಿ ಪಾಚಿ, ಸುತ್ತ ಮಂಜುಗಡ್ಡೆ. ಸುಮಾರು ಮೂರು ತಿಂಗಳ ಪಯಣ. ಮೊಟ್ಟೆಗಳು ಜೀವಂತ ತಲುಪಿ ಮರಿಯಾದವು!

ನಮ್ಮ ದೇಶಕ್ಕೂ ಬಂದಿದೆ. 1900ರ ಸುಮಾರಿಗೆ ಸ್ಕಾಟ್ಲೆಂಡಿನ ಟ್ರೌಟ್ ಕಾಶ್ಮೀರದ ಹೊಳೆಗಳಿಗಿಳಿಯಿತು. 1907ರಲ್ಲಿ ಊಟಿ ಬಳಿಯ ಅವಲಾಂಚೆಯಲ್ಲಿ ಟ್ರೌಟ್ ಮರಿ ಮಾಡುವ ಕೇಂದ್ರ ಶುರುವಾಯಿತು. ಕರ್ನಾಟಕದ ಗಡಿಯಿಂದ ಕೆಲವು ಗಂಟೆಯ ದಾರಿ! ನಮ್ಮ ಕಾವೇರಿಯ ನೀರು ಮಾತ್ರ ಟ್ರೌಟ್‌ಗೆ ಬೆಚ್ಚಗಾಯಿತು. ಅಲ್ಲಿಯ ದೊರೆ ಮಹಶೀರ್ ಮೀನು. ಅದಕ್ಕೆ ಗರಿಯ ಹುಳು ಯಾಕೆ? ಹಿಂದೆ ಗಾಳಕ್ಕೆ ಸಿಗಿಸುತ್ತಿದ್ದುದು ರಾಗಿ ಹಿಟ್ಟಿನ ಉಂಡೆ!

ಮೇಫ್ಲೈ ಮರಿಗೆ ಶುದ್ಧ ನೀರು ಬೇಕು. ಅಮೆರಿಕದ ಈರಿ ಸರೋವರದ ನೀರು ಕೆಟ್ಟು ತಳದಲ್ಲಿ ಆಮ್ಲಜನಕ ತೀರಿದಾಗ, 1950ರ ದಶಕದಲ್ಲಿ ಅಲ್ಲಿಯ ಮೇಫ್ಲೈಗಳು ಹೆಚ್ಚುಕಡಿಮೆ ಕಾಣೆಯಾದವು. ನೀರನ್ನು ಶುದ್ಧ ಮಾಡಿದ ಮೇಲೆ, 1990ರ ದಶಕದಲ್ಲಿ ಮರಳಿ ಬಂದವು. ನಲವತ್ತು ವರ್ಷದ ಮೇಲೆ!

ಮೇಫ್ಲೈ ನೋಡಲು ನೀವು ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಮ್ಮ ಮಲೆನಾಡಿನ ಹಳ್ಳಗಳಲ್ಲೂ ಇವೆ! ಹೊಳೆಯ ಹತ್ತಿರದ ಊರಿನಲ್ಲಿ ಸಂಜೆ ದೀಪದ ಕೆಳಗೆ ಗೋಡೆಯನ್ನು ಒಮ್ಮೆ ನೋಡಿ. ಹಾಯಿ ಎತ್ತಿದ ದೋಣಿಯಂತೆ ರೆಕ್ಕೆಗಳನ್ನು ಬೆನ್ನ ಮೇಲೆ ನೆಟ್ಟಗೆ ಜೋಡಿಸಿಕೊಂಡು, ಹಿಂದೆ ಎರಡೋ ಮೂರೋ ಎಳೆಯ ಉದ್ದ ಬಾಲ ಬಿಟ್ಟ ಹುಳು ಕೂತಿದ್ದರೆ ಅದೇ ಇದು. ಕಚ್ಚುವುದಿಲ್ಲ, ಕಚ್ಚಲು ಬಾಯಿಯೇ ಇಲ್ಲ. ದಯವಿಟ್ಟು ಪೊರಕೆ ಎತ್ತಬೇಡಿ, ಆ ದೀಪ ಆರಿಸಿಬಿಡಿ. ಅದಕ್ಕಿರುವುದು ಈ ಒಂದು ರಾತ್ರಿ!